ಬೆಂಕಿ ಆರಿದ ಕಟ್ಟಡವನ್ನು ಶುಚಿಗೊಳಿಸುವ ವಿಧಾನದ ಆಯ್ಕೆ

ಬೆಂಕಿ ಆರಿದ ಕೂಡಲೇ ಪೈಪು ಹಿಡಿದು ಗೋಡೆ ತೊಳೆಯಬಾರದು. ನೀರು ಬಿದ್ದರೆ ಮಸಿಯು ಗಿಲಾವಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ. ಮೊದಲು ವಿದ್ಯುತ್ ಸಂಪರ್ಕ ಕಡಿತವಾಗಿರುವುದನ್ನು ಹೆಸ್ಕಾಂ (ಈ ಭಾಗದ ವಿದ್ಯುತ್ ಸರಬರಾಜು ಕಂಪನಿ) ಸಿಬ್ಬಂದಿಯಿಂದ ಖಚಿತಪಡಿಸಿಕೊಳ್ಳಿ. ವಿಮೆ ಇದ್ದರೆ ಸರ್ವೇಯರ್ ನೋಡಿ ಹೋಗುವವರೆಗೆ ಯಾವುದನ್ನೂ ಕದಲಿಸದೆ ಫೋಟೊ ತೆಗೆದಿಡಿ. ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿರುವ ಸಾಧ್ಯತೆಯಿದೆ. ಅಂಥ ಕಡೆ ಎಂಜಿನಿಯರ್ ಪರಿಶೀಲಿಸುವ ಮೊದಲು ಯಾರೂ ಕೆಲಸಕ್ಕೆ ಇಳಿಯಬಾರದು. ಗದಗ, ಹುಬ್ಬಳ್ಳಿ ಕಡೆಯ ಹತ್ತಿ ಗೋದಾಮುಗಳಲ್ಲಿ ಅಂಡಿಗೆಗಳ ಒಳಗೆ ಕೆಂಡ ದಿನಗಟ್ಟಲೆ ಜೀವಂತವಾಗಿರಬಲ್ಲದು, ಆದ್ದರಿಂದ ಅವುಗಳನ್ನು ಬಯಲಿಗೆ ಸಾಗಿಸಿ ಬಿಚ್ಚಿದ ನಂತರವೇ ಶುಚಿಯ ಮಾತು.

ವಿಧಾನವನ್ನು ನಿರ್ಧರಿಸುವುದು ಮುಖ್ಯವಾಗಿ ಮಸಿಯ ಗುಣ. ಒಣಗಿದ ಬಿಳಿ ಬಟ್ಟೆಯಿಂದ ಗೋಡೆಯನ್ನು ಮೆಲ್ಲಗೆ ಒರೆಸಿ ನೋಡಿ. ಕಟ್ಟಿಗೆ, ಕಾಗದ, ಹತ್ತಿ ಉರಿದಾಗ ಬರುವ ಮಸಿ ಸಾಮಾನ್ಯವಾಗಿ ಪುಡಿಯಾಗಿ ಉದುರುತ್ತದೆ. ಅದಕ್ಕೆ ಹೆಪಾ ಫಿಲ್ಟರ್ (ಅತಿ ಸೂಕ್ಷ್ಮ ಧೂಳನ್ನೂ ಹಿಡಿಯುವ ಸೋಸುಕ) ಇರುವ ವ್ಯಾಕ್ಯೂಮ್ ಮತ್ತು ಮಸಿ ತೆಗೆಯುವ ಒಣ ರಬ್ಬರ್ ಸ್ಪಂಜು ಸಾಕು. ಪ್ಲಾಸ್ಟಿಕ್, ರಬ್ಬರ್, ಫೋಮ್ ಹಾಸಿಗೆ ಉರಿದಿದ್ದರೆ ಮಸಿ ಜಿಡ್ಡಾಗಿ ಬಟ್ಟೆಗೆ ಬಳಿದುಕೊಳ್ಳುತ್ತದೆ; ಒಣ ಹಂತ ಮುಗಿದ ಮೇಲೆ ಕ್ಷಾರಯುಕ್ತ ಮಾರ್ಜಕದಿಂದ, ಸಣ್ಣ ಭಾಗವೊಂದರಲ್ಲಿ ಪರೀಕ್ಷಿಸಿಕೊಂಡು, ಒರೆಸಬೇಕು. ಪಿವಿಸಿ ವೈರು, ಪೈಪು ಸುಟ್ಟಿದ್ದರೆ ಹೊಗೆಯಲ್ಲಿನ ಹೈಡ್ರೋಜನ್ ಕ್ಲೋರೈಡ್ ತೇವದೊಂದಿಗೆ ಸೇರಿ ಆಮ್ಲವಾಗುತ್ತದೆ ಮತ್ತು ಕಬ್ಬಿಣವನ್ನು ತಿನ್ನತೊಡಗುತ್ತದೆ, ಹೀಗಾಗಿ ಯಂತ್ರಗಳ ಶುಚಿಯನ್ನು ಮುಂದೂಡಬಾರದು.

ಧಾರವಾಡದ ಹಳೆಯ ಮಣ್ಣಿನ ಗೋಡೆ, ತೊಲೆ-ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆಗಳಿಗೆ ವಿಶೇಷ ಕಾಳಜಿ ಬೇಕು, ಏಕೆಂದರೆ ಬೆಂಕಿ ಆರಿಸಿದ ನೀರನ್ನೇ ಕುಡಿದು ಭಾರವಾಗಿರುವ ಮಾಳಿಗೆ ಕುಸಿಯಬಹುದು. ಇಲ್ಲಿ ಒತ್ತಡದ ನೀರನ್ನಾಗಲಿ ಮರಳು ಸಿಡಿಸುವ ಯಂತ್ರವನ್ನಾಗಲಿ ಬಳಸಲೇಬಾರದೆಂಬುದು ನನ್ನ ದೃಢ ಅಭಿಪ್ರಾಯ. ಕರಕಲಾದ ತೊಲೆಯಲ್ಲಿ ಗಟ್ಟಿ ಮರ ಉಳಿದಿದ್ದರೆ ಕೈಯಿಂದ ಕೆರೆದು ತೆಗೆಯುವುದು ಲೇಸು. ದೊಡ್ಡ ಕಟ್ಟಡಗಳಲ್ಲಿ ಅಡಿಗೆ ಸೋಡಾದ ಪುಡಿ ಅಥವಾ ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಸಿಡಿಸುವ ವಿಧಾನವಿದೆ. ಡ್ರೈ ಐಸ್ ತೇವ ಉಳಿಸುವುದಿಲ್ಲ, ಆದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೊಮ್ಮುವುದರಿಂದ ಕೋಣೆಗೆ ಗಾಳಿಯಾಡುವ ವ್ಯವಸ್ಥೆ ಇರಲೇಬೇಕು.

ಹಳೆಯ ಗೋದಾಮಿನ ಛಾವಣಿಗೆ ಕಲ್ನಾರಿನ (ಆಸ್ಬೆಸ್ಟಾಸ್) ತಗಡು ಇದ್ದರೆ ಅದನ್ನು ಉಜ್ಜದೆ, ಒಡೆಯದೆ, ನೀರಿನಿಂದ ತೇವಗೊಳಿಸಿ ಅನುಭವಿಗಳಿಂದಲೇ ಇಳಿಸಿ. ಬ್ಯಾಡಗಿಯ ಮೆಣಸಿನಕಾಯಿ ದಾಸ್ತಾನಿನಂಥಲ್ಲಿ ಖಾರದ ಧೂಳೂ ಸೇರುವುದರಿಂದ ಎನ್-95 ಮುಖಗವಸು, ಕಣ್ಣಿನ ರಕ್ಷಣೆ, ಕೈಗವಸು ಇಲ್ಲದೆ ಕೂಲಿಯವರನ್ನು ಒಳಗೆ ಕಳಿಸಬಾರದು.

ಮಸಿಯ ಮೇಲೆಯೇ ಬಣ್ಣ ಬಳಿದರೆ ಕಲೆ, ವಾಸನೆ ಎರಡೂ ಮತ್ತೆ ಹೊರಬರುತ್ತವೆ. ಗೋಡೆ ಪೂರ್ಣ ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಅದು ಸ್ವಚ್ಛವಾಗಿಯೇ ಉಳಿದರೆ ಮಾತ್ರ ಕಲೆ ತಡೆಯುವ ಪ್ರೈಮರ್ ಹಚ್ಚಿ. ಮಣ್ಣಿನ ಗೋಡೆಗಾದರೆ ಸುಣ್ಣವೇ ಸರಿ, ಅದು ಗೋಡೆಯ ತೇವ ಹೊರಹೋಗಲು ಬಿಡುತ್ತದೆ.