ಬಿಳಿ ಮುರುಗಲು, ಹಳದಿ ಟೊಮೇಟೊ

"ತಮಾ, ಇದು ಹಣ್ಣೇ ಆಯ್ದಿಲ್ಲೆ, ಎಂತಕ್ಕೆ ಕೊಯ್ದೆ?" ಎನ್ನುತ್ತ ಆಯಿ ಬುಟ್ಟಿಯನ್ನು ಒಲೆಯ ಹತ್ತಿರದಿಂದ ಆಚೆ ಸರಿಸಿದಳು. ಬುಟ್ಟಿಯಲ್ಲಿದ್ದದ್ದು ಹಳದಿ ಟೊಮೇಟೊ. ಮೆತ್ತಗಾಗುವಷ್ಟು ಹಣ್ಣಾಗಿತ್ತು, ಆ ತಳಿಯ ಬಣ್ಣವೇ ಅಷ್ಟು. ಹಾಗೆಂದರೆ ಅವಳು ಕೇಳಲಿಲ್ಲ. ಸಾರಿಗೆ ಸಂತೆಯ ಕೆಂಪು ಹಣ್ಣೇ ಬಿತ್ತು.

ನಮ್ಮದು ಶಿರಸಿ–ಕುಮಟಾ ರಸ್ತೆಯ ಪಕ್ಕದ ಊರು. ಅಡಿಕೆಯೇ ಬೇಸಾಯ, ಟೊಮೇಟೊ ನನ್ನ ಹುಚ್ಚು. ಮೊದಲ ವರ್ಷ ತೋಟದ ಬದಿಯ ಮಣ್ಣಿಗೇ ನೆಟ್ಟು ಸೊರಗು ರೋಗಕ್ಕೆ ಎಲ್ಲವನ್ನೂ ಕೊಟ್ಟೆ. ಬೆಳಿಗ್ಗೆ ನೆಟ್ಟಗಿದ್ದ ಗಿಡ ಮಧ್ಯಾಹ್ನ ಜೋತು ಬೀಳುತ್ತಿತ್ತು. ಕಾಂಡ ಕತ್ತರಿಸಿ ಲೋಟದ ನೀರಿನಲ್ಲಿಟ್ಟರೆ ಬಿಳಿ ಎಳೆ ಇಳಿಯುವುದು ಕಾಣುತ್ತಿತ್ತು, ಅದೇ ಬ್ಯಾಕ್ಟೀರಿಯಾ. ನಮ್ಮ ಹುಳಿ ಮಣ್ಣು, ಇಷ್ಟು ಮಳೆ, ಅದಕ್ಕೆ ಹಬ್ಬವೇ ಸರಿ. ಆಮೇಲೆ ಗ್ರೋ ಬ್ಯಾಗಿಗೆ ಬಂದೆ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರಿನಲ್ಲಿ ಸಸಿ, ಜನವರಿಯಿಂದ ಹಣ್ಣು. ಚೀಲಗಳಿಗೆ ಜಾಗ ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ. ಅದಕ್ಕೂ ಮನೆಯಲ್ಲಿ ಜಗಳವಾಡಿಯೇ ಗಿಟ್ಟಿಸಿದ್ದು.

ಐದು ಬಗೆ ಹಾಕಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಎಲೆ ಮುದುಡು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಕೆಂಪು. ಜೊತೆಗೆ ಕಿತ್ತಳೆ ಬಣ್ಣದ ಗೋಲಿಯಂಥದ್ದು, ಆಯಿ ಒಲ್ಲೆನೆಂದ ಹಳದಿ, "ಕಪ್ಪು" ಎಂದು ಕರೆಯುವ ಕಂದು, ಮತ್ತೆ ತೊಟ್ಟಿನ ಸುತ್ತಲ ಹೆಗಲಿಗೆ ನೇರಳೆ ಬಳಿದುಕೊಂಡಂಥ ಒಂದು.

ಕೆಂಪೇರಿದಷ್ಟೂ ರುಚಿ ಎಂದು ಆಗ ನಾನೂ ನಂಬಿದ್ದೆ. ಹಣ್ಣಿಗೆ ಬಿಸಿಲು ಬೀಳಲಿ, ಬಣ್ಣ ಏರಲಿ ಎಂದು ಅರ್ಕಾ ರಕ್ಷಕ್ ಗಿಡಗಳ ಕೆಳಗಿನ ಅರ್ಧ ಎಲೆ ಸವರಿದೆ. ಎರಡು ವಾರದಲ್ಲಿ ಹೆಗಲ ಮೇಲೆ ಬಿಳಿಚಿದ ಸುಟ್ಟ ಕಲೆ, ಉಳಿದ ಕಡೆ ಕೆಂಪಿನ ಬದಲು ಹಳದಿ ಮಿಶ್ರಿತ ಕಿತ್ತಳೆ. ಬಾಯಿಗಿಟ್ಟರೆ ನೀರು. ಎಲೆ ಸವರದ ಗಿಡದ ಹಣ್ಣಿನ ರಸ ಸಿಹಿ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 5ರ ಹತ್ತಿರ ಬ್ರಿಕ್ಸ್ (ಸಿಹಿಯ ಅಳತೆ) ತೋರಿಸಿದರೆ ಇದು 4 ದಾಟಲಿಲ್ಲ.

ಒಂದೇ ಕತ್ತರಿಯಲ್ಲಿ ಎರಡು ತಪ್ಪು ಮಾಡಿದ್ದೆ. ಹಣ್ಣಿನ ಸಕ್ಕರೆಯ ಬಹುಪಾಲು ಬರುವುದೇ ಎಲೆಯಿಂದ. ಅಡುಗೆಮನೆಯನ್ನೇ ಕೆಡವಿ ಊಟ ಚೆನ್ನಾಗಿರಲಿ ಎಂದು ಕಾದಿದ್ದೆ. ಕೆಂಪು ಕೊಡುವ ಲೈಕೋಪಿನ್ನಿಗೆ ನೆತ್ತಿಯ ಬಿಸಿಲು ಬೇಕಾಗಿಲ್ಲ, ಹಿತವಾದ ಬೆಚ್ಚಗಿದ್ದರೆ ಸಾಕು. ಹಣ್ಣಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ತಯಾರಿ ಕುಂಟುತ್ತದೆ, ಕಿತ್ತಳೆ ಬಣ್ಣದ ಬೀಟಾ ಕ್ಯಾರೊಟಿನ್ ಮಾತ್ರ ಮುಂದುವರಿಯುತ್ತದೆ. ಅಂಕೋಲೆಯ ಅಕ್ಕನ ಮನೆಯಲ್ಲಿ ಮಾರ್ಚ್ ತಿಂಗಳ ಹಣ್ಣು ಯಾಕೆ ಪೂರ್ತಿ ಕೆಂಪಾಗುವುದಿಲ್ಲ ಎಂಬುದೂ ಆಗ ತಿಳಿಯಿತು. ಬೀಜದ್ದೇ ಮೋಸ ಎಂದು ಭಾವ ಎರಡು ವರ್ಷ ಅಂಗಡಿಯವನನ್ನು ಬೈದಿದ್ದ.

ಮರು ವರ್ಷ ಜನವರಿಯಲ್ಲಿ ಅಕ್ಕ, ಭಾವ, ಅವರ ಮಗಳು ಬಂದಾಗ ಪರೀಕ್ಷೆ ಇಟ್ಟೆ. ಮೊದಲು ಕಣ್ಣು ಬಿಟ್ಟು ತಿಂದರು. ಹಳದಿ ಸಪ್ಪೆ, ಹುಳಿಯೇ ಇಲ್ಲ ಎಂದು ನಾಲ್ವರೂ ಹೇಳಿದರು, ಆಯಿಯನ್ನೂ ಸೇರಿಸಿ. ಆಮೇಲೆ ಕಣ್ಣಿಗೆ ಟವೆಲ್ ಕಟ್ಟಿ ಅದೇ ಹೋಳುಗಳನ್ನು ಅದಲುಬದಲು ಮಾಡಿ ಕೊಟ್ಟೆ. ಇಬ್ಬರಿಗೆ ಹಳದಿಯೇ ಎಲ್ಲಕ್ಕಿಂತ ಹುಳಿ! ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿದರೆ ಐದೂ 4ರಿಂದ 4.5ರ ಒಳಗೇ ಇದ್ದವು. ಹುಳಿ ಬರುವುದು ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲದಿಂದ. ಅವಕ್ಕೂ ಹಳದಿಗೂ ಸಂಬಂಧವಿಲ್ಲ.

ಮೂರನೆಯ ಸುತ್ತು ಮೂಗು ಹಿಡಿದು. ಇದನ್ನು ಯಾರಾದರೂ ಮನೆಯಲ್ಲೇ ಮಾಡಿ ನೋಡಬಹುದು. ಮೂಗು ಗಟ್ಟಿಯಾಗಿ ಮುಚ್ಚಿ ಅಗಿದರೆ ಐದೂ ಹಣ್ಣು ಬರೀ ಸಿಹಿ-ಹುಳಿಯ ಹೆಚ್ಚು ಕಡಿಮೆ. ಬಾಯಲ್ಲಿರುವಾಗಲೇ ಮೂಗು ಬಿಟ್ಟರೆ ಒಮ್ಮೆಲೇ ಟೊಮೇಟೊ "ಬರುತ್ತದೆ". ಕೆಂಪು ಬೇರೆ, ಕಿತ್ತಳೆ ಬೇರೆ, ಹಳದಿ ಬೇರೆ ಎಂದು ಗೊತ್ತಾಗುವುದು ಆಗಲೇ.

ಬಣ್ಣಕ್ಕೂ ರುಚಿಗೂ ಇರುವ ನಂಟು ಇರುವುದು ಈ ಮೂಗಿನ ದಾರಿಯಲ್ಲಿ. ಲೈಕೋಪಿನ್ನಿಗೆ ತನ್ನದೇ ರುಚಿಯಿಲ್ಲ, ವಾಸನೆಯೂ ಇಲ್ಲ. 40 ಇಂಗಾಲದ ಉದ್ದ ಸರಪಳಿ ಅದು, ಗಾಳಿಗೆ ಹಾರುವ ಮಾತೇ ಇಲ್ಲ. ಆದರೆ ಹಣ್ಣು ಬಲಿತಂತೆ ಕಿಣ್ವಗಳು ಒಂದಿಷ್ಟು ಸರಪಳಿಯನ್ನು ತುಂಡರಿಸುತ್ತವೆ, ಆ ಚಿಕ್ಕ ತುಂಡುಗಳು ಹಾರಿ ಮೂಗಿಗೆ ಬರುತ್ತವೆ. ಲೈಕೋಪಿನ್ ಮುರಿದಾಗ ಸಿಗುವವುಗಳಲ್ಲಿ ಒಂದು ಜೆರಾನಿಯಲ್. ನಮ್ಮ ಹಿತ್ತಿಲ ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಇರುವುದೂ ಅದೇ. ಬೀಟಾ ಕ್ಯಾರೊಟಿನ್ ಮುರಿದರೆ ಬೀಟಾ ಅಯೊನೋನ್, ಹೂವಿನ ಕಂಪು. ಅದು ಎಳ್ಳಷ್ಟಿದ್ದರೂ ಮೂಗು ಹಿಡಿಯುತ್ತದೆ. ಹಳದಿ ತಿರುಳಿನ ತಳಿಗಳಲ್ಲಿ ಈ ಸರಪಳಿ ಕಟ್ಟುವ ಮೊದಲ ಹೆಜ್ಜೆಯೇ ಕೆಟ್ಟಿರುತ್ತದೆ. ಮುರಿಯಲು ಸರಪಳಿಯೇ ಇಲ್ಲದ ಮೇಲೆ ಆ ಕಂಪುಗಳೂ ಕಡಿಮೆ. ಆಯಿ "ಸಪ್ಪೆ" ಎಂದದ್ದು ಸುಳ್ಳೇನಲ್ಲ. ಹುಳಿಯ ಲೆಕ್ಕಕ್ಕೆ ತಪ್ಪು, ಪರಿಮಳದ ಲೆಕ್ಕಕ್ಕೆ ಸರಿ. ಹಾಗೆಂದು ಟೊಮೇಟೊ ಪರಿಮಳವೆಲ್ಲ ಬಣ್ಣದ ಮಗನಲ್ಲ. ಕತ್ತರಿಸಿದಾಗ ಏಳುವ ಹಸಿ ಹುಲ್ಲಿನ ವಾಸನೆ ಕೊಬ್ಬಿನಾಮ್ಲದಿಂದ ಬರುತ್ತದೆ, ಅದು ಹಳದಿಯಲ್ಲೂ ಇದೆ.

ಕಿತ್ತಳೆ ಎಂದರೆ ಎಲ್ಲ ಒಂದೇ ಅಲ್ಲ. ಕೆಲವು ತಳಿಗೆ ಆ ಬಣ್ಣ ಬೀಟಾ ಕ್ಯಾರೊಟಿನ್ನಿಂದ, ಕೆಲವಕ್ಕೆ ಆಕಾರ ಬಾಗಿದ ಲೈಕೋಪಿನ್ನಿಂದ. ಬೀಜದ ಪೊಟ್ಟಣದ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ. ನನ್ನದು ಮೊದಲನೆಯದಿರಬೇಕು, ಮೂಗು ಬಿಟ್ಟ ಕೂಡಲೇ ಅಕ್ಕನ ಮಗಳು "ಸೆಂಟು!" ಎಂದಳು. ಭಾವನಿಗೆ ಏನೂ ಬರಲಿಲ್ಲ. ವಾಸನೆ ಹಿಡಿಯುವ ಒಂದು ಜೀನಿನ ವ್ಯತ್ಯಾಸದಿಂದ ಕೆಲವರಿಗೆ ಹುಟ್ಟಿನಿಂದಲೇ ಬೀಟಾ ಅಯೊನೋನ್ ಸರಿಯಾಗಿ ತಿಳಿಯುವುದಿಲ್ಲ. ಭಾವ ಆ ಜಾತಿಯೋ, ಬರೀ ಹಟವೋ.

"ಕಪ್ಪು" ಎನ್ನುವುದು ಕಪ್ಪೇನಲ್ಲ. ಹಣ್ಣಾಗುವಾಗ ಹೋಗಬೇಕಾದ ಪತ್ರಹರಿತ್ತು ಹೋಗದೆ ಉಳಿದು, ಹಸಿರಿನ ಮೇಲೆ ಕೆಂಪು ಕೂತು ಕಂದಾಗುತ್ತದೆ. ನಮ್ಮ ಮನೆಯಲ್ಲಿ ಹೆಚ್ಚು ಮತ ಬಿದ್ದದ್ದು ಇದಕ್ಕೇ. ನೇರಳೆಯದು ನೋಡಲಿಕ್ಕೆ ರಾಜ, ತಿನ್ನಲಿಕ್ಕೆ ಸಾಮಾನ್ಯ. ಅದಕ್ಕೆ ನೇರಳೆ ಕೊಡುವ ಆಂಥೊಸಯಾನಿನ್ ಸಿಪ್ಪೆಯಲ್ಲಿ, ಅದೂ ಬೆಳಕು ಬಿದ್ದ ಕಡೆ ಮಾತ್ರ. ತೊಟ್ಟಿನ ಪಕಳೆ ಎತ್ತಿದರೆ ಅಡಿಯಲ್ಲಿ ನೇರಳೆಯಿಲ್ಲದ ನಕ್ಷತ್ರ. ಮಂಗಗಳು ಕೆಂಪು ಹಣ್ಣನ್ನು ಹುಡುಕಿ ಹುಡುಕಿ ಒಯ್ದವು, ಕಪ್ಪನ್ನು ಮುಟ್ಟಲಿಲ್ಲ. ಆಯಿಯ ಪಕ್ಷದವು.

ಕಾಯಿಯ ತೊಟ್ಟಿನ ಸುತ್ತ ಕಡು ಹಸಿರು ಪಟ್ಟಿ ಇರುವ ಗಿಡದ ಬೀಜವನ್ನೇ ಈಗ ಎತ್ತಿಡುತ್ತೇನೆ. ಒಂದೇ ಸಮ ಹಣ್ಣಾಗಲಿ, ನೋಟ ಚೆಂದವಿರಲಿ ಎಂದು ತಳಿಗಾರರು ದಶಕಗಳ ಕಾಲ ಆ ಹಸಿರು ಹೆಗಲನ್ನು ತೆಗೆದು ಹಾಕುತ್ತ ಬಂದರು. ಅದರೊಂದಿಗೆ ಹಣ್ಣು ತಾನೇ ಒಂದಿಷ್ಟು ಸಕ್ಕರೆ ಮಾಡಿಕೊಳ್ಳುವ ಶಕ್ತಿಯೂ ಹೋಯಿತೆಂದು 2012ರಲ್ಲಿ ವಿಜ್ಞಾನಿಗಳು ಆ ಜೀನನ್ನು ಹಿಡಿದು ತೋರಿಸಿದರು.

ಕೊಯ್ಲಿನಲ್ಲೂ ಬಣ್ಣ ಮೋಸ ಮಾಡುತ್ತದೆ. ದೋರೆಗಾಯಿ ಕೊಯ್ದು ಒಳಗಿಟ್ಟರೆ ನಾಲ್ಕೈದು ದಿನಕ್ಕೆ ಸೊಗಸಾಗಿ ಕೆಂಪಾಗುತ್ತದೆ, ಆದರೆ ಎಲೆಯಿಂದ ಬರುವ ಸಕ್ಕರೆ ಕೊಯ್ದ ದಿನಕ್ಕೇ ನಿಂತಿರುತ್ತದೆ. ಮನೆಗಾದರೆ ಗಿಡದಲ್ಲೇ ಮುಕ್ಕಾಲು ಬಣ್ಣ ಬರುವವರೆಗೆ ಬಲೆ ಕಟ್ಟಿ ಕಾಯುತ್ತೇನೆ. ಫ್ರಿಜ್ಜಿಗೆ ಇಡುವುದಿಲ್ಲ, ಆ ಚಳಿಯಲ್ಲಿ ಕೆಂಪು ಹಾಗೇ ಇದ್ದು ಪರಿಮಳ ಮಾತ್ರ ಸೊರಗುತ್ತದೆ.

ಆಯಿಯ ಹತ್ತಿರ ಮಾತು ಗೆದ್ದದ್ದು ಮೇ ತಿಂಗಳಲ್ಲಿ. ಬಿಳಿ ಮುರುಗಲು (ಪುನರ್ಪುಳಿ) ಹಿಂಡಿ ಶರಬತ್ತು ಮಾಡುತ್ತಿದ್ದಳು. "ಆಯಿ, ಇದು ಕೆಂಪೇ ಆಗಿಲ್ಲ, ಕಾಯಿಯಾ?" ಎಂದೆ. "ಇದರ ಜಾತಿಯೇ ಬಿಳಿ" ಎಂದಳು. ಹುಳಿ ಕೆಂಪು ಮುರುಗಲಿಗಿಂತ ಕಮ್ಮಿಯಾ ಎಂದರೆ ಸೌಟು ಎತ್ತಿ ನನ್ನನ್ನೇ ನೋಡಿದಳು, ಎಲ್ಲಿಗೆ ಕರೆದೊಯ್ಯುತ್ತಿದ್ದೇನೆಂದು ಗೊತ್ತಾಗಿತ್ತು. ಕೆಂಪು ಮುರುಗಲಿನ ಬಣ್ಣ ಆಂಥೊಸಯಾನಿನ್, ಹುಳಿ ಬೇರೆಯೇ ಆಮ್ಲ. ಬಿಳಿಯದರಲ್ಲಿ ಮೊದಲನೆಯದು ಇಲ್ಲ, ಎರಡನೆಯದು ಧಾರಾಳ.

ಸಾರಿಗೆ ಈಗಲೂ ಅವಳಿಗೆ ಕೆಂಪೇ ಬೇಕು. ಹಳದಿಯದರಲ್ಲಿ ಗೊಜ್ಜು ಮಾಡುತ್ತಾಳೆ, ಅದಕ್ಕೆ ಹೇಗೂ ಅರಿಶಿನ ಬೀಳುತ್ತದಂತೆ.