ಜೆಟ್ ಸ್ಕೀ ಡ್ರೈವ್‌ಶಾಫ್ಟ್ ಸ್ಪ್ಲೈನ್ ಸವೆತ: ನನ್ನ ಅನುಭವ

ಮಲ್ಪೆಯ ಉಪ್ಪುನೀರಲ್ಲಿ ಓಡಿಸಿ ಬೆಂಗಳೂರಿಗೆ ತಂದ ಸ್ಟ್ಯಾಂಡ್-ಅಪ್ ಜೆಟ್ ಸ್ಕೀ (ನಿಂತು ಓಡಿಸುವ ನೀರಿನ ಸ್ಕೂಟರ್). ಥ್ರಾಟಲ್ ಕೊಟ್ಟರೆ ಇಂಜಿನ್ ಜೋರಾಗಿ ಕೂಗುತ್ತಿತ್ತು, ಸ್ಕೀ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಹಿಂದಿನಿಂದ ಕಟಕಟ ಸದ್ದು ಬೇರೆ. ವೇರ್ ರಿಂಗ್ (ಪಂಪಿನ ಫ್ಯಾನ್ ಸುತ್ತಲಿನ ಉಂಗುರ) ಬದಲಿಸಿದೆ, ಪಂಪ್ ಸುತ್ತ ಸೀಲೆಂಟ್ ಹಾಕಿದೆ, ಕಾರ್ಬ್ಯುರೇಟರ್ ಟ್ಯೂನ್ ಮಾಡಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ಕೊನೆಗೆ ಗೊತ್ತಾಯಿತು, ಸವೆದಿದ್ದು ಸ್ಪ್ಲೈನ್: ಇಂಜಿನ್ ಶಕ್ತಿಯನ್ನು ಪಂಪಿಗೆ ಒಯ್ಯುವ ಡ್ರೈವ್‌ಶಾಫ್ಟಿನ ತುದಿಯ ಹಲ್ಲುಗಳು. ಇದರ ಪರೀಕ್ಷೆ ಸುಲಭ. ಬ್ಯಾಟರಿ ವೈರ್, ಪ್ಲಗ್ ಕ್ಯಾಪ್ ಕಳಚಿ. ಒಬ್ಬರು ಕಪ್ಲರ್ (ಇಂಜಿನ್‌ಗೂ ಶಾಫ್ಟಿಗೂ ನಡುವಿನ ಜೋಡಣೆ) ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಇಂಪೆಲ್ಲರನ್ನು (ನೀರು ತಳ್ಳುವ ಪಂಪಿನ ಫ್ಯಾನ್) ಅತ್ತಿತ್ತ ತಿರುಗಿಸಲಿ. ಸಡಿಲವಾಗಿ ಆಡಿದರೆ ಪಂಪ್ ಬಿಚ್ಚಲೇಬೇಕು. ನಮ್ಮ ಶಾಫ್ಟಿನ ಹಲ್ಲುಗಳು ಸವೆದು ಚೂಪಾಗಿದ್ದವು, ಸಂದಿಯಲ್ಲಿ ಕೆಂಪು ತುಕ್ಕಿನ ಪುಡಿ.

ಶಾಫ್ಟ್ ಒಂದನ್ನೇ ಬದಲಿಸಬೇಡಿ. ಇಂಪೆಲ್ಲರ್ ಒಳಗಿನ ಸವೆದ ಹಲ್ಲು ಹೊಸ ಶಾಫ್ಟನ್ನೂ ತಿನ್ನುತ್ತದೆ. ಪೀಣ್ಯದಲ್ಲಿ ವೆಲ್ಡ್ ಮಾಡಿಸಿ ಹಲ್ಲು ಕೊರೆಸಬಹುದು, ಆದರೆ ವೆಲ್ಡ್ ಬಿಸಿಗೆ ಶಾಫ್ಟಿನ ಗಡಸುತನ ಹೋಗುತ್ತದೆ. ಹಾಗಾಗಿ ಎರಡನ್ನೂ ಹೊಸದೇ ಹಾಕಿದೆ.

ಮೂಲ ಕಾರಣ ಹೆಚ್ಚಾಗಿ ಅಲೈನ್‌ಮೆಂಟ್, ಅಂದರೆ ಇಂಜಿನ್, ಶಾಫ್ಟ್, ಪಂಪ್ ಒಂದೇ ನೇರದಲ್ಲಿ ಇಲ್ಲದಿರುವುದು. ಮೊದಲು ಮಿಡ್‌ಶಾಫ್ಟ್ ಬೇರಿಂಗ್ (ಶಾಫ್ಟನ್ನು ನಡುವೆ ಹಿಡಿದಿರುವ ಬೇರಿಂಗ್) ನೋಡಿ. ಹಲ್ಲಿಗೆ ಮರೀನ್ ಗ್ರೀಸ್ ತೆಳುವಾಗಿ ಸವರಿ; ಜಾಸ್ತಿ ತುಂಬಿದರೆ ಶಾಫ್ಟ್ ಪೂರ್ತಿ ಒಳಗೆ ಕೂರುವುದಿಲ್ಲ. ಪಂಪ್ ಬೋಲ್ಟ್‌ಗಳನ್ನು ಬರೀ ಕೈಯಲ್ಲಿ ಹಾಕಿ, ಶಾಫ್ಟ್ ತಿರುಗಿಸಿ. ಎಲ್ಲೂ ಹಿಡಿಯದಿದ್ದರೆ ಎದುರುಬದುರು ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಪ್ರತಿ ಸಲವೂ ಮತ್ತೆ ತಿರುಗಿಸಿ ನೋಡಿ. ಹಿಡಿದರೆ ಆ ಮೂಲೆಗೆ ಶಿಮ್ (ತೆಳು ತಗಡಿನ ತುಂಡು) ಕೊಡಿ. ಸೀಸನ್ ಮುಗಿದಾಗಲೆಲ್ಲ ಪಂಪ್ ಬಿಚ್ಚಿ, ಹಳೇ ಗ್ರೀಸ್ ಒರೆಸಿ ಹೊಸದು ಹಾಕಿ.