ಮೀನು ಸಿಕ್ಕ ಜಾಗ ಯಾರಿಗೆ ಹೇಳುತ್ತಾರೆ?

ನನ್ನ ಪಿಎಚ್‌ಡಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ. ಕಾರವಾರದ ಮೀನುಗಾರರಿಗೆ ಮಾಹಿತಿ ಎಲ್ಲಿಂದ ಬರುತ್ತದೆ, ಅದನ್ನು ಅವರು ಏನು ಮಾಡುತ್ತಾರೆ ಎಂಬುದು ವಿಷಯ. ಗ್ರಂಥಾಲಯಕ್ಕೂ ಮೀನಿಗೂ ಏನು ಸಂಬಂಧ ಅಂತ ಮನೆಯಲ್ಲೇ ಕೇಳಿದರು. ಸಂಬಂಧ ಇದೆ. ಹೈದರಾಬಾದಿನಲ್ಲಿರುವ, ಸಾಗರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಮೂಲಕ ಸಮುದ್ರದ ಮೇಲ್ಮೈ ಉಷ್ಣತೆ, ಕ್ಲೋರೋಫಿಲ್ (ನೀರಿನ ಸೂಕ್ಷ್ಮ ಸಸ್ಯಗಳ ಹಸಿರು) ನೋಡಿ ಮೀನು ಎತ್ತ ಸಿಗಬಹುದು ಅಂತ ದಿಕ್ಕು, ದೂರ, ಆಳ ತಿಳಿಸುತ್ತದೆ. ಆ ಸಂದೇಶ ಬೋಟಿಗೆ ಬಂದ ಮೇಲೆ ಏನಾಗುತ್ತದೆ? ನನಗೆ ಬೇಕಿದ್ದದ್ದು ಅದು.

ಮೊದಲು 30 ಪ್ರಶ್ನೆಗಳ ಪ್ರಶ್ನಾವಳಿ ಹಿಡಿದು ಬೈತಖೋಲ ಬಂದರಿಗೆ ಹೋದೆ. ಎಲ್ಲದಕ್ಕೂ ಎಲ್ಲರೂ 'ಒಪ್ಪುತ್ತೇನೆ' ಅಂದರು. ಮೀನು ಇಳಿಸುವ ಗಡಿಬಿಡಿ, ಅದರ ಮೇಲೆ ಓದಿಕೊಂಡ ಹುಡುಗಿ ಕೇಳುತ್ತಿದ್ದಾಳೆ ಅನ್ನುವ ದಾಕ್ಷಿಣ್ಯ. ಆ ಹಾಳೆಗಳನ್ನು ಪ್ರಬಂಧಕ್ಕೆ ಬಳಸಲಿಲ್ಲ.

ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹೊರಗೆ ಮಳೆ, ಶೆಡ್ಡಿನೊಳಗೆ ಬಲೆ ರಿಪೇರಿ. ಮಾತಿಗೆ ಅದೇ ಒಳ್ಳೆಯ ಹೊತ್ತು. ಈ ಸಲ ಒಂದೇ ಪ್ರಶ್ನೆ ಒಯ್ದೆ: 'ಕೊನೇ ಸಲ ಖಾಲಿ ವಾಪಸ್ ಬಂದ್ರಲ್ಲ, ಆ ದಿನ ಏನಾಯ್ತು? ಮೊದಲಿಂದ ಹೇಳಿ.' ಅಭಿಪ್ರಾಯ ಕೇಳದೆ, ನಡೆದ ಒಂದು ಘಟನೆಯನ್ನು ಪೂರ್ತಿ ಕೇಳುವ ಈ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ಲಾನಗನ್ 1954ರಲ್ಲಿ ವಿವರಿಸಿದ್ದರು. ಒಬ್ಬೊಬ್ಬರೂ ಗಂಟೆಗಟ್ಟಲೆ ಮಾತಾಡಿದರು. ರೆಕಾರ್ಡರ್ ಕಂಡರೆ ಸುಮ್ಮನಾಗುತ್ತಿದ್ದರು, ಹಾಗಾಗಿ ಅದನ್ನು ಬಿಟ್ಟು ಅವತ್ತೇ ರಾತ್ರಿ ಬರೆದಿಡುತ್ತಿದ್ದೆ. ಬೆಳಗಾದರೆ ಅರ್ಧ ಮಾತು ಮರೆತಿರುತ್ತದೆ.

ಹಿರಿಯ ತಾಂಡೇಲರೊಬ್ಬರು (ಬೋಟು ನಡೆಸುವ ಮುಖ್ಯಸ್ಥ) ಹೇಳಿದ ಮಾತಿನಿಂದ ನನ್ನ ಪ್ರಬಂಧದ ದಾರಿಯೇ ಬದಲಾಯಿತು. "ಮೀನು ಸಿಕ್ಕ ಜಾಗ ವೈರ್‌ಲೆಸ್‌ನಲ್ಲಿ ಹೇಳಿದ್ರೆ ಮರುದಿನ ಎಲ್ಲಾ ಬೋಟೂ ಅಲ್ಲೇ ಬರ್ತವೆ ತಂಗೀ. ನಮ್ಮವರಿಗೆ ಮಾತ್ರ ಫೋನಲ್ಲಿ ಹೇಳೋದು." ಆದರೆ ಗಾಳಿ ಎದ್ದರೆ, ಎಂಜಿನ್ ಕೆಟ್ಟರೆ ಅದೇ ವೈರ್‌ಲೆಸ್‌ನಲ್ಲಿ ಎಲ್ಲರಿಗೂ ಕೂಗಿ ಹೇಳುತ್ತಾರೆ. ಯಾವುದನ್ನು ಮುಚ್ಚಿಡಬೇಕು, ಯಾವುದನ್ನು ಮುಚ್ಚಿಡಬಾರದು ಅನ್ನುವುದು ಅವರಿಗೆ ಸ್ಪಷ್ಟ. ಮಾಹಿತಿ ಮುಚ್ಚಿಡುವುದು ತಮ್ಮನ್ನು ಕಾಪಾಡಿಕೊಳ್ಳುವ ರೀತಿ ಅಂತ ನಮ್ಮ ಮಾಹಿತಿ ವಿಜ್ಞಾನದ ಸಂಶೋಧಕಿ ಎಲ್ಫ್ರೆಡಾ ಚಾಟ್‌ಮನ್ 1996ರಲ್ಲಿ ಬರೆದಿದ್ದರು. ಓದಿದ್ದೆ. ಅರ್ಥವಾದದ್ದು ಆ ಶೆಡ್ಡಿನಲ್ಲಿ.

ಅಧ್ಯಾಯ ಮುಗಿದ ಮೇಲೆ ಅವರಿಗೇ ಕನ್ನಡದಲ್ಲಿ ಓದಿ ಹೇಳಿದೆ. ಸಂಶೋಧನೆ ಮಾಡುವವರು ಇದನ್ನು ಬಿಡಲೇಬಾರದು. ತಾಂಡೇಲರು ಪೂರ್ತಿ ಕೇಳಿ, "ದರದ ಸುದ್ದಿ ಎಲ್ಲುಂಟು? ಅದು ನಮ್ಮ ಹೆಂಗಸರಿಗೆ ಗೊತ್ತು, ಅವರನ್ನ ಕೇಳಲೇ ಇಲ್ವಲ್ಲ" ಅಂದರು. ಮರುದಿನದಿಂದ ಒಂದು ತಿಂಗಳು ಮೀನು ಮಾರುಕಟ್ಟೆಯಲ್ಲಿ ಕೂತೆ.